ಪಾರ್ಕ್ ಕೆಲಸಕ್ಕೆ ಜನ ರೆಡಿ, ಕೆಲಸಕ್ಕೆ ಹಚ್ಚುವವರು ಎಲ್ಲಿ?

ಅಮೆರಿಕದ ರಾಷ್ಟ್ರೀಯ ಉದ್ಯಾನಗಳಿಗೆ 2026ರಲ್ಲಿ ಯಾವ್ಯಾವ ದಿನ ಪ್ರವೇಶ ಶುಲ್ಕ ಇಲ್ಲದೆ ಹೋಗಬಹುದು ಎಂಬ ಪಟ್ಟಿ 2025ರ ನವೆಂಬರ್ ಕೊನೆಗೆ ಹೊರಬಿತ್ತು. ಜೂನ್ 14 ಹೊಸದಾಗಿ ಸೇರಿತ್ತು. ಅದು ಅಲ್ಲಿನ ಧ್ವಜ ದಿನ, ಅಧ್ಯಕ್ಷ ಟ್ರಂಪ್ ಹುಟ್ಟಿದ ದಿನ ಕೂಡ. ಮಾರ್ಟಿನ್ ಲೂಥರ್ ಕಿಂಗ್ ದಿನ ಪಟ್ಟಿಯಲ್ಲಿ ಇರಲಿಲ್ಲ. ಗುಲಾಮಗಿರಿ ಮುಗಿದದ್ದನ್ನು ನೆನೆಯುವ ಜೂನ್‌ಟೀನ್ತ್ ಕೂಡ ಇರಲಿಲ್ಲ. ಗದ್ದಲವೆಲ್ಲ ಇದರ ಸುತ್ತಲೇ ನಡೆಯಿತು. ಅದರ ನಡುವೆ ಇನ್ನೊಂದು ದಿನ ಸದ್ದಿಲ್ಲದೆ ಪಟ್ಟಿಯಿಂದ ಜಾರಿತು. ಅದು ಸೆಪ್ಟೆಂಬರ್ ತಿಂಗಳ ನಾಲ್ಕನೇ ಶನಿವಾರ, ಅಂದರೆ ನ್ಯಾಷನಲ್ ಪಬ್ಲಿಕ್ ಲ್ಯಾಂಡ್ಸ್ ಡೇ. ಕಾಡು, ಬೆಟ್ಟ, ಪಾರ್ಕ್ ಎಲ್ಲ ನಮ್ಮವೇ ಅಂತ ಜನ ಬಂದು ಕಸ ಹೆಕ್ಕುವ, ಕಳೆ ಕೀಳುವ, ಕಾಲುಹಾದಿ ಸರಿಮಾಡುವ ದಿನ.

ಈ ಸುದ್ದಿಯ ಜೊತೆ ಅದೇ ವರ್ಷದ ಉಳಿದ ಸುದ್ದಿಗಳನ್ನೂ ಇಟ್ಟು ನೋಡಿದರೆ ತಲೆ ಕೆಡುತ್ತದೆ. ಪಾರ್ಕ್‌ಗಳಲ್ಲಿ ಸಿಬ್ಬಂದಿ ಸಾಲದು ಅನ್ನುತ್ತಾರೆ. ಜನ ಪುಕ್ಕಟೆ ಕೆಲಸ ಮಾಡಲು ತಯಾರಿದ್ದಾರೆ. ಆದರೂ 2025ರ ಅಕ್ಟೋಬರ್‌ನಲ್ಲಿ ಸಂಸತ್ತಿನಿಂದ ಹಣ ಮಂಜೂರಾಗದೆ ಸರ್ಕಾರದ ಕೆಲಸ ಸ್ಥಗಿತವಾದಾಗ ಸ್ವಯಂಸೇವಕರೂ ಮನೆಯಲ್ಲಿ ಕೂರಬೇಕಾಯಿತು. ಕೆಲಸ ಇದೆ, ಕೈ ಇದೆ, ಎರಡೂ ಸೇರುತ್ತಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಈ ಪುಕ್ಕಟೆ ಕೆಲಸ ನಡೆಯುವುದು ಹೇಗೆ ಎಂದು ಸ್ವಲ್ಪ ಒಳಗೆ ಹೋಗಿ ನೋಡಬೇಕು.

ದಿನವೇ ರದ್ದಾಯಿತಾ?

ಇಲ್ಲ. ಹೋಗಿರುವುದು ಆ ದಿನದ ಉಚಿತ ಪ್ರವೇಶ ಮಾತ್ರ. ಈ ಆಚರಣೆ ಶುರುವಾದದ್ದು 1994ರಲ್ಲಿ. ಆಗ ಅದರಲ್ಲಿ ಇದ್ದದ್ದು ಮೂರು ಸರ್ಕಾರಿ ಸಂಸ್ಥೆಗಳು, ಸುಮಾರು 700 ಜನ. ಅದರ ಹೊಣೆ ಹೊತ್ತದ್ದು ನ್ಯಾಷನಲ್ ಎನ್ವಿರಾನ್‌ಮೆಂಟಲ್ ಎಜುಕೇಷನ್ ಫೌಂಡೇಷನ್. ಅದು ಸಂಸತ್ತಿನ ಕಾನೂನಿನಿಂದ ಹುಟ್ಟಿದ ಸಂಸ್ಥೆ, ಆದರೆ ಸರ್ಕಾರಿ ಇಲಾಖೆಯಲ್ಲ. ಇವತ್ತು ಸಾರ್ವಜನಿಕ ಜಮೀನಿನ ಮೇಲೆ ಒಂದೇ ದಿನ ನಡೆಯುವ ಅತಿ ದೊಡ್ಡ ಸ್ವಯಂಸೇವೆ ಇದು ಅಂತ ಅಮೆರಿಕದಲ್ಲಿ ಹೆಸರಾಗಿದೆ. ನಾಲ್ಕನೇ ಶನಿವಾರದ ಲೆಕ್ಕದಲ್ಲಿ 2026ರಲ್ಲಿ ಅದು ಸೆಪ್ಟೆಂಬರ್ 26ಕ್ಕೆ ಬೀಳುತ್ತದೆ.

ಇಲ್ಲಿ ಸಾರ್ವಜನಿಕ ಜಮೀನು ಅಂದರೆ ಬರೀ ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನಿಯನ್ ಅಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಕೈಲಿರುವ ಭೂಮಿ ಸುಮಾರು 64 ಕೋಟಿ ಎಕರೆ. ಕರ್ನಾಟಕದಂಥ ಹದಿಮೂರು ರಾಜ್ಯಗಳಷ್ಟು ಜಾಗ. ಅದರಲ್ಲಿ ಕಾಡು, ಹುಲ್ಲುಗಾವಲು, ಮರುಭೂಮಿ, ಹಕ್ಕಿಧಾಮ ಎಲ್ಲ ಬರುತ್ತವೆ. ರಾಷ್ಟ್ರೀಯ ಉದ್ಯಾನ ಸೇವೆ, ಅಂದರೆ ನ್ಯಾಷನಲ್ ಪಾರ್ಕ್ ಸರ್ವಿಸ್, ನೋಡಿಕೊಳ್ಳುವುದು ಅದರ ಒಂದು ಪಾಲನ್ನು ಮಾತ್ರ: 430ಕ್ಕೂ ಹೆಚ್ಚು ತಾಣ, ಸುಮಾರು 8.5 ಕೋಟಿ ಎಕರೆ. ಆ ತಾಣಗಳಲ್ಲೂ ಪ್ರವೇಶ ಶುಲ್ಕ ಇರುವುದು ಸುಮಾರು ನೂರು ಕಡೆ ಅಷ್ಟೇ. ಉಳಿದವು ವರ್ಷಪೂರ್ತಿ ಉಚಿತ. ಹಾಗಾಗಿ ಪಟ್ಟಿಯಿಂದ ಒಂದು ದಿನ ಹೋದ ಮಾತ್ರಕ್ಕೆ ಸ್ವಯಂಸೇವೆ ನಿಂತುಬಿಡುವುದಿಲ್ಲ.

ಹಾಗಾದರೆ ಇದನ್ನು ದೊಡ್ಡದು ಮಾಡಬೇಕಾ? ಮಾಡಬೇಕು ಅನ್ನಲು ಒಂದು ಕಾರಣ ಇದೆ. ಬಾಗಿಲು ತೆರೆದಿಟ್ಟ ದಿನ ಹೊಸಬರು ಬರುತ್ತಾರೆ. ಸುತ್ತಾಡಲು ಬಂದ ಕುಟುಂಬ ಒಂದು ಗಂಟೆ ಕೆಲಸದಲ್ಲೂ ಕೈಜೋಡಿಸುತ್ತದೆ, ಮುಂದಿನ ವರ್ಷ ತಾನೇ ಹುಡುಕಿಕೊಂಡು ಬರುತ್ತದೆ. ಇನ್ನೊಂದು ವಿಷಯ ಗಮನಿಸಿ. ಮಾರ್ಟಿನ್ ಲೂಥರ್ ಕಿಂಗ್ ದಿನ ಕೂಡ 1994ರ ಒಂದು ಕಾನೂನಿನಿಂದ ದೇಶದ ಸೇವಾ ದಿನವಾಗಿದೆ. ರಜೆ ಸುಮ್ನೆ ಕಳೆಯದೆ ಊರಿಗೆ ಏನಾದರೂ ಮಾಡಿ ಅನ್ನುವುದು ಅದರ ಆಶಯ. ಅಂದರೆ ಸೇವೆಗೆ ಮೀಸಲಾದ ಎರಡು ದಿನ ಒಟ್ಟಿಗೇ ಪಟ್ಟಿಯಿಂದ ಹೊರಗೆ ಹೋಗಿವೆ. ಉಳಿದಿರುವುದು ಹೆಚ್ಚಾಗಿ ದೇಶಾಭಿಮಾನದ ದಿನಗಳು: ಸ್ವಾತಂತ್ರ್ಯ ದಿನದ ವಾರಾಂತ್ಯ, ಸಂವಿಧಾನ ದಿನ, ನಿವೃತ್ತ ಯೋಧರ ದಿನ, ಹೀಗೆ. ಪಾರ್ಕ್ ಅಂದರೆ ಹೆಮ್ಮೆಪಡುವ ಜಾಗ ಅನ್ನುವ ಮಾತು ಇದರಲ್ಲಿ ಕೇಳುತ್ತದೆ, ಸಂತೋಷ. ನಮ್ಮ ಕೈಯಾರೆ ಕಾಪಾಡಬೇಕಾದ ಜಾಗ ಅನ್ನುವ ಮಾತು ಮಾತ್ರ ಕೇಳುತ್ತಿಲ್ಲ.

ಎರಡು ಬೆಲೆ, ಎರಡು ವಾದ

ಉಚಿತ ದಿನಗಳ ಜೊತೆಗೇ ಬಂದ ದೊಡ್ಡ ಬದಲಾವಣೆ ಶುಲ್ಕದ್ದು. 2026ರ ಜನವರಿ 1ರಿಂದ ವಾರ್ಷಿಕ ಪಾಸ್‌ಗೆ ಅಮೆರಿಕದ ನಿವಾಸಿಗಳು 80 ಡಾಲರ್ ಕೊಟ್ಟರೆ ಹೊರದೇಶದವರು 250 ಡಾಲರ್ ಕೊಡಬೇಕು. ಪಾಸ್ ಇಲ್ಲದ ಹೊರದೇಶದವರು ಹೆಚ್ಚು ಜನ ಹೋಗುವ 11 ಉದ್ಯಾನಗಳಲ್ಲಿ ಮಾಮೂಲಿ ಶುಲ್ಕದ ಮೇಲೆ ತಲೆಗೆ 100 ಡಾಲರ್ ಕಟ್ಟಬೇಕು. ಗ್ರ್ಯಾಂಡ್ ಕ್ಯಾನಿಯನ್, ಯೆಲ್ಲೋಸ್ಟೋನ್, ಯೊಸೆಮಿಟಿ, ಜಯಾನ್ ಎಲ್ಲ ಇದರಲ್ಲಿವೆ. ಉಚಿತ ದಿನಗಳೂ ಈಗ ನಿವಾಸಿಗಳಿಗೆ ಮಾತ್ರ.

ಪಾರ್ಕ್ ಸೇವೆ ಯಾರ ಇಲಾಖೆಯ ಕೆಳಗೆ ಬರುತ್ತದೋ ಆ ಒಳಾಡಳಿತ ಕಾರ್ಯದರ್ಶಿ (ನಮ್ಮ ಲೆಕ್ಕದಲ್ಲಿ ಮಂತ್ರಿ) ಡಗ್ ಬರ್ಗಮ್ ಅವರ ವಾದ ನೇರವಾಗಿದೆ. ಅಮೆರಿಕದವರು ತೆರಿಗೆ ಮೂಲಕ ಈಗಾಗಲೇ ಪಾರ್ಕ್‌ಗಳನ್ನು ಸಾಕುತ್ತಿದ್ದಾರೆ, ಹೊರಗಿನಿಂದ ಬಂದವರು ತಮ್ಮ ಪಾಲು ಕೊಡಲಿ. ಇದನ್ನು ಅನ್ಯಾಯ ಅಂತ ತಳ್ಳಿಹಾಕುವುದು ನಮಗಂತೂ ಕಷ್ಟ. ಹಂಪಿಯಲ್ಲಿ ಭಾರತೀಯರಿಗೆ 40 ರೂಪಾಯಿ ಟಿಕೆಟ್, ವಿದೇಶಿಯರಿಗೆ 600 ರೂಪಾಯಿ. ನಾವು ಬಹಳ ವರ್ಷದಿಂದ ಇದನ್ನೇ ಮಾಡುತ್ತಿದ್ದೇವಲ್ವಾ? 2004ರ ಕಾನೂನಿನ ಪ್ರಕಾರ ಸಂಗ್ರಹವಾದ ಶುಲ್ಕದಲ್ಲಿ ಸಾಮಾನ್ಯವಾಗಿ ಶೇ. 80ರಷ್ಟು ಅದೇ ಪಾರ್ಕ್‌ನಲ್ಲಿ ಉಳಿಯುತ್ತದೆ. ದುಡ್ಡು ಬಂದರೆ ಶೌಚಾಲಯ, ಹಾದಿ, ನೀರಿನ ಪೈಪ್‌ಗೆ ಖರ್ಚಾಗುತ್ತದೆ. ಆ ಮಟ್ಟಿಗೆ ಇದು ಒಳ್ಳೆಯದೇ.

ಎದುರು ವಾದ ಬೇರೆ ಕಡೆಯಿಂದ ಬರುತ್ತದೆ. ಗೇಟಿನಲ್ಲಿ ಪ್ರತಿ ಕಾರಿನಲ್ಲಿ ಬಂದವರ ಗುರುತಿನ ಚೀಟಿ ನೋಡಲು ಜನ ಬೇಕು, ಸಮಯ ಬೇಕು. ಸಿಬ್ಬಂದಿ ಕಡಿಮೆ ಇರುವಾಗ ಆ ಕೆಲಸಕ್ಕೆ ಹಾಕಿದವರು ಒಳಗಿನ ಕೆಲಸಕ್ಕೆ ಸಿಗುವುದಿಲ್ಲ. ವಿದೇಶಿ ಪ್ರವಾಸಿಗರನ್ನೇ ನಂಬಿರುವ ಪಾರ್ಕ್ ಪಕ್ಕದ ಸಣ್ಣ ಊರುಗಳ ಹೋಟೆಲ್, ಅಂಗಡಿಗಳಿಗೂ ಪೆಟ್ಟು ಬೀಳುತ್ತದೆ ಅನ್ನುವ ಅಳುಕಿದೆ. ಶುಲ್ಕ ಏರಿಸಿದ್ದು ತಪ್ಪೋ ಸರಿಯೋ ಅನ್ನುವುದಕ್ಕಿಂತ, ಆ ದುಡ್ಡು ಸಿಬ್ಬಂದಿಯ ಕೊರತೆ ತುಂಬುತ್ತದಾ ಅನ್ನುವುದು ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರ ಸಿಗಬೇಕಾದರೆ ಕೊರತೆ ಎಷ್ಟು ಅಂತ ನೋಡಬೇಕು.

ಖಾಲಿಯಾದ ಕುರ್ಚಿಗಳು

2025ರ ಫೆಬ್ರುವರಿ 14ರಂದು ಪಾರ್ಕ್ ಸೇವೆಯ ಸುಮಾರು ಒಂದು ಸಾವಿರ ಜನರನ್ನು ಒಮ್ಮೆಲೇ ಕೆಲಸದಿಂದ ತೆಗೆದರು. ಎಲ್ಲರೂ ಇನ್ನೂ ಪ್ರೊಬೇಷನ್ ಅವಧಿಯಲ್ಲಿದ್ದವರು. ಅರಣ್ಯ ಸೇವೆಯಲ್ಲೂ ಸಾವಿರಾರು ಜನ ಹೋದರು. ಕೋರ್ಟುಗಳು ಮಧ್ಯೆ ಬಂದವು, ಕೆಲವರು ವಾಪಸ್ ಬಂದರು. ಅಷ್ಟರಲ್ಲಿ ಸ್ವಯಂ ನಿವೃತ್ತಿ, ರಾಜೀನಾಮೆಯ ಆಮಿಷಕ್ಕೆ ಅನುಭವಿಗಳು ಹೊರನಡೆದಿದ್ದರು. ಯೊಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆಯ ಮೇಲೆ ಸಿಬ್ಬಂದಿ ಆ ತಿಂಗಳು ರಾಷ್ಟ್ರಧ್ವಜವನ್ನು ತಲೆಕೆಳಗಾಗಿ ಇಳಿಬಿಟ್ಟರು. ಅದು ಅಲ್ಲಿ ಅಪಾಯದಲ್ಲಿದ್ದೇವೆ ಎನ್ನುವ ಸಂಕೇತ. ಪಾರ್ಕ್‌ಗಳ ಪರ ದನಿ ಎತ್ತುವ ನ್ಯಾಷನಲ್ ಪಾರ್ಕ್ಸ್ ಕನ್ಸರ್ವೇಷನ್ ಅಸೋಸಿಯೇಷನ್ ಲೆಕ್ಕದಲ್ಲಿ 2025ರ ಮಧ್ಯಭಾಗದ ಹೊತ್ತಿಗೆ ಕಾಯಂ ಸಿಬ್ಬಂದಿ ಶೇ. 24ರಷ್ಟು ಕಡಿಮೆಯಾಗಿತ್ತು.

ಇದಕ್ಕೆ ಹಿಂದಿನ ವರ್ಷ, 2024ರಲ್ಲಿ, ಪಾರ್ಕ್‌ಗಳಿಗೆ ದಾಖಲೆಯ ಭೇಟಿ ನಡೆದಿತ್ತು: ಸುಮಾರು 33.2 ಕೋಟಿ. ಜನ ಜಾಸ್ತಿ, ನೋಡಿಕೊಳ್ಳುವವರು ಕಡಿಮೆ. 2025ರ ಏಪ್ರಿಲ್‌ನಲ್ಲಿ ಬಂದ ಆದೇಶ ಎಲ್ಲ ಪಾರ್ಕ್‌ಗಳೂ ತೆರೆದಿರಲೇಬೇಕು ಎಂದಿತು. ಹಾಗಾಗಿ ಜನರ ಕಣ್ಣಿಗೆ ಬೀಳುವ ಕೆಲಸಕ್ಕೆ ಎಲ್ಲರನ್ನೂ ಹಚ್ಚಬೇಕಾಯಿತು. ವಿಜ್ಞಾನಿಗಳು ಶೌಚಾಲಯ ತೊಳೆಯುತ್ತಿದ್ದಾರೆ ಎಂಬ ವರದಿಗಳೂ ಬಂದವು. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿ ಇದೆ ಅನ್ನಿಸುತ್ತದೆ. ಗೇಟು ತೆರೆದಿದೆ, ಶೌಚಾಲಯ ಶುಚಿಯಾಗಿದೆ. ಆದರೆ ಕಾಡಿನ ರೋಗ, ಪ್ರಾಣಿಗಳ ಗಣತಿ, ಹಾದಿಯ ದುರಸ್ತಿ ಹಿಂದೆ ಬೀಳುತ್ತವೆ. ಸ್ವಯಂಸೇವಕರನ್ನು ಹೊಂದಿಸುವ ಕೆಲಸವೂ ಹಿಂದೆ ಬೀಳುತ್ತದೆ.

ಪುಕ್ಕಟೆ ಕೆಲಸ ಬೇಡ ಅನ್ನುವ ಕಾನೂನು

2013ರ ಅಕ್ಟೋಬರ್‌ನಲ್ಲಿ ಬಜೆಟ್ ಜಗಳದಿಂದ ಸರ್ಕಾರ 16 ದಿನ ಸ್ಥಗಿತವಾಗಿತ್ತು. ವಾಷಿಂಗ್ಟನ್‌ನ ಲಿಂಕನ್ ಸ್ಮಾರಕದ ಬಳಿ ಹುಲ್ಲು ಬೆಳೆದು ನಿಂತಿದ್ದನ್ನು ನೋಡಿ ಒಬ್ಬರು ತಮ್ಮದೇ ಮಿಷನ್ ತಂದು ಕತ್ತರಿಸತೊಡಗಿದರು. ಪೊಲೀಸರು ಬಂದು ನಿಲ್ಲಿಸಿದರು. ಆ ಸುದ್ದಿ ಓದಿದವರಿಗೆ ಸಿಟ್ಟು ಬಂತು. ಸರ್ಕಾರವೂ ಮಾಡುವುದಿಲ್ಲ, ಮಾಡುವವರನ್ನೂ ಬಿಡುವುದಿಲ್ಲ ಅಂದರೆ ಹೇಗೆ?

ಕಾರಣ 1884ರಷ್ಟು ಹಳೆಯದು. ಆ ಕಾಲದಲ್ಲಿ ಇಲಾಖೆಗಳು ಮಂಜೂರಾದ ದುಡ್ಡು ಮುಗಿದ ಮೇಲೂ ನೌಕರರಿಂದ ಪುಕ್ಕಟೆ ಕೆಲಸ ಮಾಡಿಸುತ್ತಿದ್ದವು. ಆಮೇಲೆ ಆ ನೌಕರರು ಸಂಬಳ ಕೇಳಿದಾಗ ಸಂಸತ್ತಿಗೆ ಬೇರೆ ದಾರಿಯೇ ಇರುತ್ತಿರಲಿಲ್ಲ, ಕೊಡಲೇಬೇಕಿತ್ತು. ಹೀಗೆ ಹಿಂಬಾಗಿಲಿನಿಂದ ಖಜಾನೆಗೆ ಕೈಹಾಕುವುದನ್ನು ತಡೆಯಲು ಒಂದು ನಿಯಮ ಬಂತು. ಜೀವ ಇಲ್ಲವೇ ಆಸ್ತಿಗೆ ತುರ್ತು ಅಪಾಯ ಇದ್ದಾಗ ಬಿಟ್ಟರೆ, ಬೇರೆ ಕಾನೂನು ಒಪ್ಪಿಗೆ ಕೊಡದ ಹೊರತು ಸರ್ಕಾರ ಪುಕ್ಕಟೆ ಸೇವೆ ಪಡೆಯುವಂತಿಲ್ಲ. ಕಾನೂನು ನೌಕರರ ಪರ, ತೆರಿಗೆದಾರರ ಪರ. ಅದನ್ನು ತಮಾಷೆ ಮಾಡುವುದು ಸುಲಭ, ತೆಗೆದುಹಾಕಿದರೆ ಮಾತ್ರ ದುರುಪಯೋಗ ಶುರುವಾಗುತ್ತದೆ.

ಪಾರ್ಕ್‌ಗಳಿಗೆ ಈ ಒಪ್ಪಿಗೆ ಸಿಕ್ಕಿದ್ದು 1970ರಲ್ಲಿ. ಆ ವರ್ಷ ಬಂದ ಸ್ವಯಂಸೇವಕರ ಕಾನೂನಿನಿಂದಲೇ ಇವತ್ತು ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನ ಅಲ್ಲಿ ದುಡಿಯುತ್ತಾರೆ. ಆದರೆ ಅವರನ್ನು ನೋಡಿಕೊಳ್ಳಲು ಸಂಬಳದ ಸಿಬ್ಬಂದಿ ಇರಬೇಕು. 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ನಡೆದ ಸ್ಥಗಿತದಲ್ಲಿ ಸುಮಾರು 14,500 ಸಿಬ್ಬಂದಿಯಲ್ಲಿ 9 ಸಾವಿರಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸುವ ಯೋಜನೆ ಜಾರಿಗೆ ಬಂತು. ಸಿಬ್ಬಂದಿ ಹೋದ ಕೂಡಲೇ ಸ್ವಯಂಸೇವೆಯ ಬಾಗಿಲೂ ಮುಚ್ಚಿತು.

ಸಿಬ್ಬಂದಿ ಇಲ್ಲದೆ ಊರಿನವರೇ ಕೆಲಸಕ್ಕೆ ಇಳಿದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. 2018ರ ಡಿಸೆಂಬರ್‌ನಲ್ಲಿ ಶುರುವಾಗಿ 35 ದಿನ ನಡೆದ ಸ್ಥಗಿತದಲ್ಲಿ ಹಲವು ಪಾರ್ಕ್‌ಗಳನ್ನು ತೆರೆದೇ ಇಟ್ಟಿದ್ದರು. ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ಉದ್ಯಾನದಲ್ಲಿ ಸುತ್ತಲಿನ ಊರಿನವರು ತಾವಾಗಿ ಬಂದು ಕಸ ಎತ್ತಿದರು, ಶೌಚಾಲಯ ತೊಳೆದರು, ಪೇಪರ್ ತಂದಿಟ್ಟರು. ನಿಜಕ್ಕೂ ದೊಡ್ಡ ಮನಸ್ಸು. ಆದರೂ ಅದೇ ಹೊತ್ತಿಗೆ ಕೆಲವರು ಹಾದಿ ಬಿಟ್ಟು ಗಾಡಿ ಓಡಿಸಿದರು, ಜೋಶುವಾ ಮರಗಳಿಗೂ ಹಾನಿಯಾಯಿತು. ಕಸ ಎತ್ತುವುದು ಊರಿನವರ ಕೈಲಿತ್ತು. ಗಾಡಿ ತಡೆದು ದಂಡ ಹಾಕುವ ಅಧಿಕಾರ ಅವರಿಗೆ ಇರಲಿಲ್ಲ. ಆ ಮರ ವರ್ಷಕ್ಕೆ ಬೆರಳಗಲವೋ ಎರಡು ಬೆರಳಗಲವೋ ಬೆಳೆಯುವಂಥದ್ದು. ಮುರಿದದ್ದು ಮತ್ತೆ ಎದ್ದು ನಿಲ್ಲಲು ಒಂದು ಆಯುಷ್ಯವೇ ಬೇಕು.

ಒಬ್ಬ ಸ್ವಯಂಸೇವಕನ ಹಿಂದೆ ಎಷ್ಟು ಜನ

ಸೆಪ್ಟೆಂಬರ್‌ನ ಆ ಶನಿವಾರ ಬೆಳಿಗ್ಗೆ ಐವತ್ತು ಜನ ಬಂದು ಕಳೆ ಕೀಳುತ್ತಾರೆ ಅಂದುಕೊಳ್ಳಿ. ಅದಕ್ಕೆ ಮೊದಲು ಏನೇನು ಆಗಿರಬೇಕು? ಯಾವ ಗಿಡ ಕೀಳಬೇಕು, ಯಾವುದನ್ನು ಮುಟ್ಟಬಾರದು ಅಂತ ಸಸ್ಯ ತಿಳಿದವರು ಗುರುತು ಹಾಕಿರಬೇಕು. ಆ ನೆಲದಲ್ಲಿ ಹಳೆಯ ಮೂಲನಿವಾಸಿಗಳ ಕುರುಹುಗಳಿದ್ದರೆ ಗುದ್ದಲಿ ಹಾಕುವ ಮುನ್ನ ಪುರಾತತ್ವದವರ ಒಪ್ಪಿಗೆ ಬೇಕು. ಸಲಕರಣೆ, ಕೈಗವಸು, ನೀರು, ಪ್ರಥಮ ಚಿಕಿತ್ಸೆ ರೆಡಿ ಇರಬೇಕು. ಪ್ರತಿಯೊಬ್ಬರೂ ಒಪ್ಪಂದದ ಹಾಳೆಗೆ ಸಹಿ ಮಾಡಬೇಕು. ಸಹಿ ಮಾಡಿದರೇ ಕೆಲಸದಲ್ಲಿ ಪೆಟ್ಟಾದಾಗ ಸರ್ಕಾರಿ ನೌಕರನಿಗೆ ಸಿಗುವಂಥ ಪರಿಹಾರ ಅವರಿಗೂ ಸಿಗುವುದು. ಕಿತ್ತ ಕಳೆಯ ಬೀಜ ಬೇರೆಡೆ ಬೀಳದಂತೆ ಸಾಗಿಸಬೇಕು. ಆರು ತಿಂಗಳು ಬಿಟ್ಟು ಯಾರಾದರೂ ಹೋಗಿ ಮತ್ತೆ ಹುಟ್ಟಿದೆಯಾ ಅಂತ ನೋಡಬೇಕು.

ಮದುವೆ ಮನೆಯಲ್ಲಿ ಬಡಿಸಲು ನೂರು ಜನ ಸೊಂಟ ಕಟ್ಟಿ ನಿಂತರೂ ಅಡುಗೆಭಟ್ಟರು ಬಾರದಿದ್ದರೆ ಪಂಕ್ತಿ ಏಳುವುದಿಲ್ಲ. ಪಾರ್ಕ್‌ನಲ್ಲಿ ಆ ಭಟ್ಟರ ಜಾಗದಲ್ಲಿರುವುದು ಸ್ವಯಂಸೇವಕರ ಸಂಯೋಜಕ. ದೊಡ್ಡ ಪಾರ್ಕ್‌ಗಳಲ್ಲಿ ಅದಕ್ಕೇ ಒಬ್ಬರಿರುತ್ತಾರೆ. ಸಣ್ಣ ಕಡೆ ಯಾರೋ ಒಬ್ಬ ರೇಂಜರ್ ತನ್ನ ಮಾಮೂಲಿ ಕೆಲಸದ ಜೊತೆ ಇದನ್ನೂ ಹೊತ್ತಿರುತ್ತಾರೆ. ಕುರ್ಚಿ ಖಾಲಿಯಾದಾಗ ಮೊದಲು ಕೈಬಿಡುವುದು ಇಂಥ ಹೆಚ್ಚುವರಿ ಹೊಣೆಯನ್ನೇ. ಇಮೇಲ್ ಕಳಿಸಿದವರಿಗೆ ಉತ್ತರ ಬರುವುದಿಲ್ಲ. ಎರಡು ಸಲ ಕಾದವರು ಮೂರನೇ ಸಲ ಕೇಳುವುದಿಲ್ಲ. ಸಿಬ್ಬಂದಿ ಕಡಿತದ ಪರಿಣಾಮ ಸ್ವಯಂಸೇವೆಯ ಮೇಲೆ ಬೀಳುವುದು ಹೀಗೆ. ಕಡಿಮೆ ಸಿಬ್ಬಂದಿ ಇದ್ದಲ್ಲಿ ಸ್ವಯಂಸೇವಕರು ತುಂಬಿಕೊಡುತ್ತಾರೆ ಅನ್ನುವ ಲೆಕ್ಕ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ನೆಲದ ಮೇಲೆ ಎರಡೂ ಒಟ್ಟಿಗೇ ಇಳಿಯುತ್ತವೆ.

ಪಾರ್ಕ್ ಸೇವೆಯ ನಿಯಮವೂ ಇದನ್ನೇ ಹೇಳುತ್ತದೆ: ಸ್ವಯಂಸೇವಕರನ್ನು ನೌಕರರ ಜಾಗಕ್ಕೆ ತಂದು ಕೂರಿಸುವಂತಿಲ್ಲ.

ಜನರೇ ಕಟ್ಟಿದ 3,500 ಕಿಲೋಮೀಟರ್

ಹಾಗಂತ ಜನರ ಕೈಲಿ ದೊಡ್ಡದು ಆಗುವುದಿಲ್ಲ ಅಂತಲ್ಲ. ಅಪಲಾಚಿಯನ್ ಟ್ರೇಲ್ ನೋಡಿ. ಜಾರ್ಜಿಯಾದಿಂದ ಮೇನ್ ತನಕ 14 ರಾಜ್ಯ ಹಾಯುವ, ಸುಮಾರು 3,500 ಕಿಲೋಮೀಟರ್ ಉದ್ದದ ಕಾಲುಹಾದಿ ಅದು. 1921ರಲ್ಲಿ ಬೆಂಟನ್ ಮೆಕೈ ಎಂಬುವರು ಈ ಕನಸು ಬರೆದಿಟ್ಟರು. 1925ರಲ್ಲಿ ಅದಕ್ಕಾಗಿ ಸಂಸ್ಥೆ ಹುಟ್ಟಿತು. ಇವತ್ತಿಗೂ ಹಾದಿಯನ್ನು ಹಂಚಿಕೊಂಡು ನೋಡಿಕೊಳ್ಳುವುದು ಸುಮಾರು 30 ಸ್ವಯಂಸೇವಾ ಕ್ಲಬ್‌ಗಳು. ಒಂದೊಂದು ಕ್ಲಬ್‌ಗೂ ತನ್ನ ಪಾಲಿನ ಹಾದಿಯ ಕಲ್ಲು, ತಿರುವು, ಮಳೆನೀರು ಹರಿಯುವ ಜಾಗ ಬಾಯಿಪಾಠ.

ಅಲ್ಲಿನ ಕೆಲಸದ ರೀತಿ ಗಮನಿಸಿ. ಹಾದಿಗೆ ಬಿದ್ದ ಮರ ಕತ್ತರಿಸಲು ಗರಗಸದ ತರಬೇತಿ ಪಡೆದು ಪ್ರಮಾಣಪತ್ರ ಪಡೆದಿರಬೇಕು. 1964ರ ವನ್ಯಪ್ರದೇಶ ಕಾನೂನು ಅನ್ವಯವಾಗುವ ಕಡೆ ಮೋಟಾರ್ ಗರಗಸವನ್ನೇ ಬಳಸುವಂತಿಲ್ಲ. ಎರಡು ಕಡೆ ಇಬ್ಬರು ಹಿಡಿದು ಎಳೆಯುವ ಹಳೆಯ ಕೈಗರಗಸವೇ ಗತಿ. ಅದಕ್ಕೂ ತರಬೇತಿ ಬೇಕು. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ದಕ್ಷಿಣದ ಭಾಗದಲ್ಲಿ ಲೆಕ್ಕವಿಲ್ಲದಷ್ಟು ಮರ ಕೆಡವಿತು. ಆಗ ಸಂಸ್ಥೆ ಮೊದಲು ಜನರನ್ನು ಹಾದಿಯಿಂದ ದೂರ ಇರಿ ಎಂದು ಕೇಳಿಕೊಂಡಿತು. ಆಮೇಲೆ ತರಬೇತಾದ ತಂಡಗಳು ಒಳಗೆ ಹೋದವು. ಇವತ್ತು ಈ ವ್ಯವಸ್ಥೆ ನಿಂತಿರುವುದು ಕ್ಲಬ್‌ಗಳ ಶ್ರಮ, ಸಂಸ್ಥೆಯ ಸಂಬಳದ ನೌಕರರು, ಸರ್ಕಾರದ ಅಧಿಕಾರಿಗಳು ಮೂವರೂ ಕೂಡಿದ್ದರಿಂದ.

ಇನ್ನೊಂದು ಮಾತು ಹೇಳಲೇಬೇಕು. ಇಂಥ ಬಲವಾದ ಗುಂಪು ಎಲ್ಲ ಕಡೆ ಹುಟ್ಟುವುದಿಲ್ಲ. ಊರ ಹತ್ತಿರದ, ಹೆಸರುವಾಸಿ ಜಾಗಗಳಿಗೆ ಬಿಡುವಿರುವ ಜನ, ದಾನ ಕೊಡುವವರು ಸಿಗುತ್ತಾರೆ. ನೆವಾಡಾದ ನಡುಮರುಭೂಮಿಗೆ ಯಾರು ಹೋಗುತ್ತಾರೆ? ಎಲ್ಲವನ್ನೂ ಜನರ ಪ್ರೀತಿಗೇ ಬಿಟ್ಟರೆ ಪ್ರೀತಿ ಇರುವ ಕಡೆ ಹಸಿರು, ಇಲ್ಲದ ಕಡೆ ಹಾಳು ಅನ್ನುವಂತಾಗುತ್ತದೆ. ದೂರದ ಜಾಗಗಳಿಗೆ ತೆರಿಗೆ ಹಣವೇ ದಿಕ್ಕು.

ಗುದ್ದಲಿಗೆ ನಿಲುಕದ ಬಾಕಿ

ಪಾರ್ಕ್‌ಗಳಲ್ಲಿ ಮುಂದೂಡುತ್ತ ಬಂದ ದುರಸ್ತಿಯ ಬಾಕಿ ಸುಮಾರು 2,300 ಕೋಟಿ ಡಾಲರ್. ಗ್ರ್ಯಾಂಡ್ ಕ್ಯಾನಿಯನ್‌ನ ನೀರಿನ ಪೈಪ್ ಒಂದೇ ಸಾಕು ಇದು ಎಂಥ ಬಾಕಿ ಅಂತ ತೋರಿಸಲು. 1960ರ ದಶಕದಲ್ಲಿ ಹಾಕಲು ಶುರುಮಾಡಿದ ಆ ಪೈಪ್ 2010ರಿಂದ ಈಚೆಗೆ 85ಕ್ಕೂ ಹೆಚ್ಚು ಸಲ ಒಡೆದಿದೆ. ಬದಲಿಸುವ ಕೆಲಸಕ್ಕೆ ಇಟ್ಟ ಹಣ 20 ಕೋಟಿ ಡಾಲರ್‌ಗೂ ಮೇಲೆ. ಶನಿವಾರದ ಶ್ರಮದಾನದಲ್ಲಿ ಆಗುವ ಕೆಲಸ ಅಲ್ಲ ಇದು.

2020ರ ಗ್ರೇಟ್ ಅಮೆರಿಕನ್ ಔಟ್‌ಡೋರ್ಸ್ ಕಾನೂನು ಎರಡೂ ಪಕ್ಷ ಸೇರಿ ಮಾಡಿದ್ದು, ಸಹಿ ಹಾಕಿದ್ದು ಟ್ರಂಪ್ ಅವರೇ. ಅದು ಇಂಥ ಬಾಕಿ ತೀರಿಸಲು ವರ್ಷಕ್ಕೆ 190 ಕೋಟಿ ಡಾಲರ್ ತನಕ, ಐದು ವರ್ಷ ಕೊಟ್ಟಿತು. ಆ ಐದು ವರ್ಷ 2025ರ ಸೆಪ್ಟೆಂಬರ್‌ಗೆ ಮುಗಿದಿವೆ. 2026ರ ಸಾಲಿಗೆ ಅಧ್ಯಕ್ಷರ ಕಚೇರಿ ಮುಂದಿಟ್ಟ ಬಜೆಟ್ ಪ್ರಸ್ತಾವ ಪಾರ್ಕ್ ಸೇವೆಯಿಂದ ಸುಮಾರು 120 ಕೋಟಿ ಡಾಲರ್ ಕಡಿತ ಕೇಳಿತ್ತು. ಸಣ್ಣ ತಾಣಗಳನ್ನು ರಾಜ್ಯಗಳಿಗೆ ವಹಿಸುವ ಮಾತೂ ಅದರಲ್ಲಿತ್ತು. ಪ್ರಸ್ತಾವ ಅಂದರೆ ಕಾನೂನಲ್ಲ, ಕೊನೆಯ ಮಾತು ಸಂಸತ್ತಿನದು. ಆದರೂ ಅದರಿಂದ ಆಡಳಿತದ ಒಲವು ಯಾವ ಕಡೆ ಅಂತ ಗೊತ್ತಾಗುತ್ತದೆ.

ಜನ ದನಿ ಎತ್ತಿದರೆ ಒಲವು ತಿರುಗುತ್ತದೆ ಅನ್ನುವುದೂ ನಿಜ. 2025ರ ಜೂನ್‌ನಲ್ಲಿ ಸೆನೆಟರ್ ಮೈಕ್ ಲೀ ಪಶ್ಚಿಮ ರಾಜ್ಯಗಳಲ್ಲಿ ಲಕ್ಷಾಂತರ ಎಕರೆ ಸಾರ್ವಜನಿಕ ಜಮೀನು ಮಾರುವ ಅಂಶವನ್ನು ಬಜೆಟ್ ಮಸೂದೆಗೆ ಸೇರಿಸಲು ಹೊರಟರು. ಬೇಟೆಗಾರರು, ಮೀನು ಹಿಡಿಯುವವರು, ಚಾರಣಿಗರು, ಅವರದೇ ಪಕ್ಷದ ಬೆಂಬಲಿಗರು ಒಟ್ಟಾಗಿ ತಿರುಗಿಬಿದ್ದರು. ತಿಂಗಳು ಮುಗಿಯುವುದರೊಳಗೆ ಅದನ್ನು ವಾಪಸ್ ತೆಗೆದುಕೊಂಡರು. ಆ ಜಮೀನಿನ ಮೇಲೆ ಓಡಾಡಿ ಅದನ್ನು ತಮ್ಮದು ಅಂದುಕೊಂಡವರ ದನಿ ಅದು. ವರ್ಷಕ್ಕೆ ಒಂದು ದಿನದ ಶ್ರಮದಾನದಿಂದ ಆಗುವ ನಿಜವಾದ ಲಾಭವೂ ಇಂಥದ್ದೇ ಅಂತ ನನಗನ್ನಿಸುತ್ತದೆ. ಅವತ್ತು ಕಿತ್ತ ಕಳೆಗಿಂತ ಕಿತ್ತವರಲ್ಲಿ ಹುಟ್ಟುವ ಹಕ್ಕಿನ ಭಾವನೆ ದೊಡ್ಡದು.

ಅಲ್ಲಿರುವ ಕನ್ನಡಿಗರಿಗೆ

ಊರಿನಿಂದ ಅಪ್ಪ ಅಮ್ಮ ಬಂದಾಗ ಗ್ರ್ಯಾಂಡ್ ಕ್ಯಾನಿಯನ್ ತೋರಿಸದೆ ಕಳಿಸುವ ಮನೆ ಕಡಿಮೆ. ಪ್ರವಾಸಿ ವೀಸಾದಲ್ಲಿ ಬಂದವರು ಹೊಸ ಲೆಕ್ಕದಲ್ಲಿ ಹೊರದೇಶದವರು. 11 ಪಾರ್ಕ್‌ಗಳ ಪಟ್ಟಿ, ಕೈಲಿರುವ ಪಾಸ್ ಕಾರಿನಲ್ಲಿರುವ ಯಾರ‍್ಯಾರಿಗೆ ಅನ್ವಯ ಎಂಬುದು, ಒಪ್ಪುವ ಗುರುತಿನ ಚೀಟಿ ಯಾವುದು, ಇವನ್ನು ಪಾರ್ಕ್ ಸೇವೆಯ ಅಧಿಕೃತ ಪುಟದಲ್ಲಿ ನೋಡಿಕೊಂಡೇ ಹೊರಡುವುದು ಒಳ್ಳೆಯದು. ಉಚಿತ ದಿನ ಅಂತ ನಂಬಿ ಹೋದರೆ ಗೇಟಿನಲ್ಲಿ ಬೇಸರವಾಗಬಹುದು.

ಅಲ್ಲೇ ನೆಲೆಸಿ ಸೇವೆ ಮಾಡಬೇಕು ಅನ್ನುವವರಿಗೆ ಸೆಪ್ಟೆಂಬರ್ ತನಕ ಕಾಯುವ ಅಗತ್ಯ ಇಲ್ಲ. ವಾಲಂಟಿಯರ್ ಡಾಟ್ ಗವ್ (volunteer.gov) ಎಂಬ ಸರ್ಕಾರಿ ತಾಣದಲ್ಲಿ ಪಾರ್ಕ್, ಅರಣ್ಯ, ಹಕ್ಕಿಧಾಮಗಳ ಕೆಲಸಗಳು ಸಿಗುತ್ತವೆ. 250 ಗಂಟೆ ಸೇವೆ ಮಾಡಿದವರಿಗೆ ವಾರ್ಷಿಕ ಪಾಸ್ ಕೊಡುವ ಪದ್ಧತಿಯೂ ಇದೆ. ಹೆಸರಾದ ಪಾರ್ಕ್‌ಗಿಂತ ಮನೆ ಹತ್ತಿರದ ಸಣ್ಣ ತಾಣಕ್ಕೆ ಹೋದರೆ ಉಪಯೋಗ ಜಾಸ್ತಿ. ಒಂದು ದಿನ ಇಪ್ಪತ್ತು ಜನ ಹೋಗುವುದಕ್ಕಿಂತ ಇಬ್ಬರು ತಿಂಗಳಿಗೊಮ್ಮೆ ವರ್ಷಪೂರ್ತಿ ಹೋದರೆ ಅಲ್ಲಿನ ರೇಂಜರ್‌ಗೆ ಹೆಚ್ಚು ಅನುಕೂಲ. ಪ್ರತಿ ಸಲ ಹೊಸಬರಿಗೆ ಹೇಳಿಕೊಡುವ ಸಮಯ ಉಳಿಯುತ್ತದೆ.

ಮುಂದೆ ನೋಡಬೇಕಾದ್ದು

ಹೊಸ ಶುಲ್ಕದಿಂದ ದುಡ್ಡು ಬರುವುದು ಮುಖ್ಯವಾಗಿ ದೊಡ್ಡ ಪಾರ್ಕ್‌ಗಳಿಗೆ. ಶುಲ್ಕವೇ ಇಲ್ಲದ ಮುನ್ನೂರಕ್ಕೂ ಹೆಚ್ಚು ತಾಣಗಳಿಗೆ ಅದು ತಲುಪುವುದು ಹಂಚಿಕೆಯ ಸಣ್ಣ ಪಾಲಿನಲ್ಲಿ ಮಾತ್ರ. ಅಲ್ಲಿ ಸಿಬ್ಬಂದಿ ನೇಮಕ ಆಗುತ್ತದೋ ಇಲ್ಲವೋ ಅನ್ನುವುದು ಸಂಸತ್ತು ಕೊಡುವ ಹಣದ ಮೇಲೆ ನಿಂತಿದೆ. ಹಾಗಾಗಿ 2026ರ ಸೆಪ್ಟೆಂಬರ್ 26ರಂದು ಎಷ್ಟು ಜನ ಬಂದರು ಎಂಬ ಲೆಕ್ಕಕ್ಕಿಂತ ಎಷ್ಟು ತಾಣಗಳು ಕಾರ್ಯಕ್ರಮ ಇಟ್ಟುಕೊಂಡವು ಎಂಬ ಲೆಕ್ಕ ಹೆಚ್ಚು ಹೇಳುತ್ತದೆ. ಕಾರ್ಯಕ್ರಮಗಳ ಸಂಖ್ಯೆ ಇಳಿದರೆ ಜನರ ಉತ್ಸಾಹ ಕುಗ್ಗಿತು ಅಂತ ತೀರ್ಮಾನಿಸುವ ಮೊದಲು ಆ ತಾಣಗಳಲ್ಲಿ ಸಂಯೋಜಕರ ಕುರ್ಚಿಯಲ್ಲಿ ಯಾರಾದರೂ ಇದ್ದಾರಾ ಅಂತ ಕೇಳಬೇಕು.